ಚಟ್ನಿಯ ಮೇಲೆ ಕೂತ ಗೂಬೆ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ಒಂದು ಮನೆಯಲ್ಲಿ ಕಳೆದ ವಾರವಿಡೀ ಮುಖ ಊದಿಸಿಕೊಂಡವರೇ. ಆಸ್ತಿಯ ಜಗಳವಲ್ಲ, ಮೊಮ್ಮಗಳ ಭರತನಾಟ್ಯ ಕ್ಲಾಸಿನದೂ ಅಲ್ಲ. ಕ್ಯಾಂಪಿಂಗ್ ಟ್ರೇಲರಿಗೆಂದು ತಂದ ಸ್ಪೇರ್ ಬ್ಯಾಟರಿ ಎಲ್ಲಿರಬೇಕು ಎಂಬುದೇ ತಕರಾರು. ಮಗಳ ಮನೆಗೆ ಬಂದಿದ್ದ ಮಾವನವರು ಅದನ್ನು ಟ್ರೇಲರಿನೊಳಗೆ, ಅತ್ತೆಯವರ ಮಂಚದಡಿ, ಹಪ್ಪಳದ ಡಬ್ಬಿಗೂ ಅವಲಕ್ಕಿ ಚೀಲಕ್ಕೂ ನಡುವೆ ತೂರಿಸಿ, ಅಲ್ಲೇ ಚಾರ್ಜಿಗೆ ಹಾಕಿ, ಮೇಲೊಂದು ಹಳೇ ಟವೆಲ್ ಹೊದಿಸಿದ್ದರು. ಹೊರಗಿಟ್ಟರೆ ಕಳ್ಳರು ಹೊಡೆದುಕೊಂಡು ಹೋಗುತ್ತಾರಂತೆ. 20 ಕೆ.ಜಿ. ಮೀರಿದ ಸೀಸದ ಗಡ್ಡೆಯನ್ನು ಯೊಸೆಮಿಟಿ ನ್ಯಾಷನಲ್ ಪಾರ್ಕಿನ ಕತ್ತಲಲ್ಲಿ, ಕರಡಿಗಳ ಕಣ್ತಪ್ಪಿಸಿ, ಹೆಗಲ ಮೇಲೆ ಹೊತ್ತೊಯ್ಯುವ ಶೂರನಿದ್ದರೆ ಅವನಿಗೆ ಕೈಮುಗಿದು ದಾರಿ ಬಿಡುವುದೇ ಮರ್ಯಾದೆ.

ತಮಾಷೆಯೆಂದರೆ, ಹೀಗೆ ಮಾಡಬಾರದೆಂದು ಆ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಮಾವನವರೇ. ಅವರು ಕೆಪಿಟಿಸಿಎಲ್‌ನಿಂದ ನಿವೃತ್ತರು. ಆ ಕಂಪನಿ 1999ರಲ್ಲೇ ಹುಟ್ಟಿದರೂ ಅವರ ಬಾಯಲ್ಲಿ, ಕರ್ನಾಟಕದ ಬಹುಪಾಲು ಜನರ ಬಾಯಲ್ಲಿರುವಂತೆ, ಅದಿನ್ನೂ ಕೆಇಬಿ. ಸಬ್‌ಸ್ಟೇಷನ್ನಿಗೇ ಕರೆಂಟು ಹೋದಾಗಲೂ ಬ್ರೇಕರು, ರಿಲೇಗಳು ಕೆಲಸ ಮಾಡಬೇಕಲ್ಲ? ಅದಕ್ಕೆ ಎರಡೆರಡು ವೋಲ್ಟಿನ 55 ಸೆಲ್‌ಗಳನ್ನು ಸಾಲಾಗಿ ಜೋಡಿಸಿ 110 ವೋಲ್ಟ್ ಮಾಡಿಟ್ಟಿರುತ್ತಾರೆ. ಅವಕ್ಕೆ ಬೇರೆಯದೇ ಕೋಣೆ, ಎಕ್ಸಾಸ್ಟ್ ಫ್ಯಾನು. ಹತ್ತಿರ ಬೀಡಿ ಹಚ್ಚಿದವನಿಗೆ ಮಾವನವರಿಂದ ಮೆಮೊ. ನೀರು ಹಾಕುವ ಲೆಡ್-ಆಸಿಡ್ ಬ್ಯಾಟರಿ ಚಾರ್ಜಾಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ಶೇ. 4ರಷ್ಟು ಸೇರಿದರೆ ಒಂದು ಕಿಡಿ ಸಾಕು. ಟ್ರೇಲರಿನ ಮೂತಿಯಲ್ಲಿ, ಗಾಳಿಕಿಂಡಿಯಿರುವ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಬ್ಯಾಟರಿಯನ್ನು ಹೊರಗೇ ಕೂರಿಸುವುದು ಇದೇ ಕಾರಣಕ್ಕೆ.

ಅತ್ತೆಯವರು ಟವೆಲ್ ಎತ್ತಿ ನೋಡಿದರು. "ಮೂವತ್ತು ವರ್ಷ ಆ ಬ್ಯಾಟರಿ ರೂಮಿಗೆ ನನ್ನ ಊಟದ ಕ್ಯಾರಿಯರ್ರನ್ನೂ ಬಿಟ್ಕೊಳ್ಳಲಿಲ್ಲ ಈ ಮನುಷ್ಯ. ಈಗ ರೂಮನ್ನೇ ನನ್ನ ಬೆನ್ನ ಕೆಳಗೆ ತಂದಿದ್ದಾರೆ!"

ಸ್ಪೇರ್ ಬೇಕೆನ್ನಿಸಿದ್ದಕ್ಕೆ ಮೂಲ ಒಂದು ಕಾಯಿಚಟ್ನಿ. ಯೊಸೆಮಿಟಿಯ ಕ್ಯಾಂಪುಗಳಲ್ಲಿ ಕರೆಂಟಿನ ಹುಕಪ್ ಇಲ್ಲ. ಜನರೇಟರಿಗೂ ಹೊತ್ತುಗೊತ್ತು ಕಟ್ಟಿದ್ದಾರೆ: ಬೆಳಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7. ಅತ್ತೆಯವರಿಗೆ ಚಟ್ನಿ ಆಗಬೇಕಾದದ್ದು ಬೆಳಗ್ಗೆ ಆರೂವರೆಗೆ. ಇನ್ವರ್ಟರಿಗೆ ಮಿಕ್ಸಿ ಸಿಕ್ಕಿಸಿ ಗುಂಡಿ ತಿರುಗಿಸಿದ್ದೇ ತಡ, ಮಿಕ್ಸಿ ಒಂದು ಸುತ್ತು ನರಳಿತು, ಇನ್ವರ್ಟರು ಕಿವಿ ಹರಿಯುವಂತೆ ಕೂಗಿತು, ದೀಪಗಳು ಆರಿದವು. ಜಾರಿನೊಳಗೆ ಕಾಯಿ ಅರ್ಧ ಹೋಳು, ಅರ್ಧ ಪುಡಿ. ಪಕ್ಕದ ಟೆಂಟಿನಿಂದ ಒಂದು ಬಿಳಿ ತಲೆ ಹೊರಬಂದು ಏನಾದರೂ ಸಹಾಯ ಬೇಕೇ ಎಂದು ಕೇಳಿತು. "ನಥಿಂಗ್, ಚಟ್ನಿ" ಎಂದರು ಮಾವನವರು, ಸಬ್‌ಸ್ಟೇಷನ್ನಿನಲ್ಲಿ ಫಾಲ್ಟ್ ವರದಿ ಕೊಡುವ ಗಾಂಭೀರ್ಯದಲ್ಲಿ.

ಅಂದಿನಿಂದ ಮನೆಯಲ್ಲಿ ಏನು ಕೆಟ್ಟರೂ ಚಟ್ನಿಯ ಮೇಲೆ ಗೂಬೆ. ವೈಫೈ ನಿಂತರೆ ಚಟ್ನಿ. ಗ್ಯಾರೇಜಿನ ಬಾಗಿಲು ಏಳದಿದ್ದರೆ ಚಟ್ನಿ. ಅಳಿಯನಂತೂ ಫೋನಿನಲ್ಲಿ ಮೈಸೂರಿನ ತನ್ನ ತಾಯಿಗೂ ಹೇಳಿಬಿಟ್ಟ. ಬೀಗಿತ್ತಿಯ ಕಿವಿಗೆ ಬಿದ್ದ ಮೇಲೆ ಅದು ಬರೀ ಬ್ಯಾಟರಿಯ ವಿಷಯವಾಗಿ ಉಳಿಯಲಿಲ್ಲ.

ಲೆಕ್ಕ ಹಾಕಿ ಕೂತವಳು ಮೊಮ್ಮಗಳು. ಮಿಕ್ಸಿ 550 ವ್ಯಾಟ್. 12 ವೋಲ್ಟಿನ ಬ್ಯಾಟರಿಯಿಂದ ಎಳೆಯುವುದು, ಇನ್ವರ್ಟರಿನ ನಷ್ಟವೂ ಸೇರಿ, 50 ಆಂಪಿಯರ್ ಮೇಲೆ. ಆದರೆ ಚಟ್ನಿಗೆ ಬೇಕಾದದ್ದು ಎರಡೇ ನಿಮಿಷ. ಒಟ್ಟು ಖರ್ಚು 2 ಆಂಪಿಯರ್-ಅವರ್‌ಗೂ ಕಡಿಮೆ. ಮತ್ತೆ ಬ್ಯಾಟರಿ ತಿಂದವರು ಯಾರು? ಟ್ರೇಲರಿನ ಹೀಟರು ಉರಿಯುವುದು ಗ್ಯಾಸಿನಿಂದಲೇ, ಆದರೆ ಬಿಸಿಗಾಳಿ ದಬ್ಬುವ ಫ್ಯಾನು ಬ್ಯಾಟರಿಯದು. ನಾಲ್ಕು ಆಂಪಿಯರಿನಂತೆ ರಾತ್ರಿಯ ಹತ್ತು ಗಂಟೆಯಲ್ಲಿ ಅರ್ಧ ಹೊತ್ತು ತಿರುಗಿದರೂ 20 ಆಂಪಿಯರ್-ಅವರ್. ಟ್ರೇಲರಿನ ಜೊತೆ ಬಂದ ಪುಟ್ಟ ಬ್ಯಾಟರಿಯದು ಸುಮಾರು 75. ಅದರಲ್ಲೂ ಅರ್ಧಕ್ಕಿಂತ ಕೆಳಗಿಳಿಸಿದರೆ ಆಯಸ್ಸು ಕಮ್ಮಿ. ಬೆಳಗಿನ ಜಾವಕ್ಕೇ ಸೊರಗಿದ್ದ ಬ್ಯಾಟರಿಗೆ 50 ಆಂಪಿಯರ್ ಭಾರ ಬಿದ್ದಾಗ ವೋಲ್ಟೇಜು ಕುಸಿಯಿತು, ಇನ್ವರ್ಟರು ಕೈಬಿಟ್ಟಿತು. ಚಟ್ನಿ ಸಿಕ್ಕಿಬಿದ್ದದ್ದು ಕೊನೆಗೆ ಬಂದ ತಪ್ಪಿಗೆ.

"ರಾತ್ರಿ ಹೀಟರ್ 76 ಫ್ಯಾರನ್‌ಹೀಟ್‌ಗೆ ಇಟ್ಟಿದ್ದು ಯಾರು?" ಎಂದಳು ಹುಡುಗಿ.

ಮಾವನವರು ಎದ್ದು ಕಾರಿನ ಟೈರು ನೋಡಲು ಹೋದರು.

ಪ್ರಾಯಶ್ಚಿತ್ತಕ್ಕೆಂಬಂತೆ ತಮ್ಮದೇ ದುಡ್ಡಿನಲ್ಲಿ ತಂದದ್ದು ಈ ಸ್ಪೇರು. ಹಳೆಯದರ ಪಕ್ಕದಲ್ಲಿ ಪ್ಯಾರಲಲ್ ಜೋಡಿಸಿದರೆ ಇಬ್ಬರೂ ಭಾರ ಹಂಚಿಕೊಳ್ಳುತ್ತಾರೆ ಎಂಬುದು ಅವರ ಪ್ಲಾನು. ಅಳಿಯ ಫೋನಿನಲ್ಲಿ ಏನೋ ಓದಿ ತಲೆಯಾಡಿಸಿದ: "ಬೇಡ ಮಾವ. ಹಳೇದು ಹೊಸದನ್ನೂ ಹಾಳು ಮಾಡುತ್ತೆ. ಹೊಸದರ ಶಕ್ತಿಯೆಲ್ಲ ಹಳೇದನ್ನ ಎಬ್ಬಿಸೋದ್ರಲ್ಲೇ ಹೋಗುತ್ತೆ."

ಬ್ಯಾಟರಿಯ ವಿಷಯದಲ್ಲಿ ಮಾತು ಸರಿಯೇ. ಆದರೆ ಆರು ತಿಂಗಳ ವೀಸಾದಲ್ಲಿ ಮಗಳ ಮನೆಗೆ ಬಂದು, ಡಿಶ್‌ವಾಷರ್ ತುಂಬುವುದನ್ನೂ ತಪ್ಪು ತಪ್ಪಾಗಿ ಮಾಡುತ್ತೀರೆಂದು ಹೇಳಿಸಿಕೊಂಡ 74ರ ಮನುಷ್ಯನ ಎದುರು ಆಡುವ ಮಾತಲ್ಲ. ಅವರು ಪಂಚೆಯಲ್ಲಿ ಸುತ್ತಿ ಊರಿಂದ ತಂದ, ಆಸಿಡ್ಡಿನ ಗ್ರಾವಿಟಿ ಅಳೆಯುವ ಗಾಜಿನ ಹೈಡ್ರೋಮೀಟರನ್ನು ಒರೆಸಿ ಒರೆಸಿ ಪೆಟ್ಟಿಗೆಗೆ ಹಾಕಿದರು. ಮಗಳು ಗಂಡನ ಕಡೆ ಕಣ್ಣು ಬಿಟ್ಟಳು. ಅಳಿಯ ಇನ್ನೂ ಫೋನು ಓದುತ್ತಲೇ ಇದ್ದ.

ಕೊನೆಗೆ ಲಿಥಿಯಂ ಐರನ್ ಫಾಸ್ಫೇಟ್ ಬಂತು. 100 ಆಂಪಿಯರ್-ಅವರ್, ತೂಕ 12 ಕೆ.ಜಿ. ಆಸುಪಾಸು. ನೀರಿಲ್ಲ, ಚಾರ್ಜಾಗುವಾಗ ಗ್ಯಾಸಿಲ್ಲ, ಒಳಗೇ ಇಡಬಹುದು. ಇಡಬೇಕು ಕೂಡ, ಏಕೆಂದರೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದನ್ನು ಚಾರ್ಜ್ ಮಾಡುವಂತಿಲ್ಲ. ಹಳೆಯ ಚಾರ್ಜರು ಇದಕ್ಕೆ ಹೊಂದದೆ ಅದನ್ನೂ ಬದಲಿಸಬೇಕಾಯಿತು. ಮಾವನವರು ಅದರ ಸುತ್ತ ಒಂದು ಪ್ರದಕ್ಷಿಣೆ ಬಂದರು. ಬಿಚ್ಚಲು ಮುಚ್ಚಳವಿಲ್ಲ, ನೋಡಲು ಗ್ರಾವಿಟಿಯಿಲ್ಲ. "ಇದೆಂಥ ಬ್ಯಾಟರಿ? ಮನುಷ್ಯನಿಗೆ ಕೆಲಸವೇ ಇಲ್ಲ" ಎಂದರು. ಪಾಸಿಟಿವ್ ಟರ್ಮಿನಲ್ಲಿನ ಹತ್ತಿರ ಫ್ಯೂಸ್ ಹಾಕಿಲ್ಲವೆಂದು ಮೊದಲು ಕಂಡುಹಿಡಿದದ್ದೂ ಅವರೇ. ಅಳಿಯ ಮರುಮಾತಿಲ್ಲದೆ ಅಂಗಡಿಗೆ ಓಡಿದ. ಆ ಸಂಜೆ ಮಾವನವರು ಎರಡು ಸಲ ಕಾಫಿ ಕೇಳಿ ಕುಡಿದರು. ಲೆಡ್-ಆಸಿಡ್ ಜೋಡಿಗೆ ಗ್ಯಾರೇಜಿನ ಕಿಟಕಿ ಪಕ್ಕ ಜಾಗವಾಯಿತು. ಅಂಗಡಿಗೆ ಹಳೆಯದನ್ನು ಕೊಟ್ಟರೆ ಡಿಪಾಸಿಟ್ ವಾಪಸು ಬರುತ್ತದೆ, ಆದರೆ ಕೇಳುವ ಧೈರ್ಯ ಯಾರಿಗೂ ಬಂದಿಲ್ಲ. ತಿಂಗಳಿಗೊಮ್ಮೆ ನೋಡಿದರೆ ಸಾಕಾದ ನೀರನ್ನು ಮಾವನವರು ದಿನಾ ಟಾರ್ಚ್ ಹಿಡಿದು ನೋಡುತ್ತಾರೆ.

ಇತ್ತ ಅತ್ತೆಯವರ ಆಸೆ ಬೆಳೆದಿದೆ. ಲಿಥಿಯಂ ಭಾರಕ್ಕೆ ಅಷ್ಟು ಸುಲಭವಾಗಿ ಕುಸಿಯುವುದಿಲ್ಲವೆಂದು ತಿಳಿದದ್ದೇ, ಮುಂದಿನ ಸಲ ವೆಟ್ ಗ್ರೈಂಡರ್ ಒಯ್ಯೋಣವೇ ಎಂದು ಮೊಮ್ಮಗಳನ್ನು ಕೇಳಿದರು. 150 ವ್ಯಾಟ್, 40 ನಿಮಿಷ. ಹುಡುಗಿ ಬೆರಳಲ್ಲೇ ಲೆಕ್ಕ ಹಾಕಿದಳು.

"ಸುಮಾರು ಹತ್ತು ಆಂಪಿಯರ್-ಅವರ್ ಅಜ್ಜಿ. ತಾತನ ಹೀಟರ್‌ಗಿಂತ ಕಮ್ಮಿ."

"ಹಾಗಾದ್ರೆ ಉದ್ದು ನೆನೆಹಾಕ್ತೀನಿ. ನಿಮ್ಮ ತಾತ ಎರಡು ಸ್ವೆಟರ್ ಹಾಕ್ಕೊಳ್ಲಿ."