ಲಾನ್ ಯಜಮಾನರು

ದೇವನಹಳ್ಳಿಯಿಂದ ದೊಡ್ಡಬಳ್ಳಾಪುರದ ಕಡೆಗೆ ಹೋಗುವ ದಾರಿಯಲ್ಲಿ ಯಾವ ಬಡಾವಣೆಗಾದರೂ ಬೆಳಗ್ಗೆ ಆರೂವರೆಗೆ ನುಗ್ಗಿ, ಇವರು ಸಿಕ್ಕೇ ಸಿಗುತ್ತಾರೆ. ನಿವೃತ್ತರು. ತಲೆಗೆ ಉಣ್ಣೆ ಟೋಪಿ, ಕಾಲಿಗೆ ಬರ್ಮುಡಾ, ಕೈಯಲ್ಲಿ ಅಡುಗೆಮನೆಯಿಂದ ಹೇಳದೆ ಕೇಳದೆ ತಂದ ಚಾಕು. ಮಂಡಿಯೂರಿ ಹಣೆಯನ್ನು ನೆಲಕ್ಕೆ ತಾಗಿಸಿದ್ದಾರೆಂದರೆ ಯೋಗಾಸನ ಅಂದುಕೊಳ್ಳಬೇಡಿ. ಲಾನಿನಲ್ಲಿ ಎದ್ದ ಕಳೆ, ಜೇಕು ಕೀಳುತ್ತಿದ್ದಾರೆ.

‘ಮೆಕ್ಸಿಕನ್ ಗ್ರಾಸ್ ಸಾರ್, ಫಾರಿನ್ ಮಾಲು’ ಎಂದು ನರ್ಸರಿಯವನು ಜೋಡಿಸಿಹೋದ ಹುಲ್ಲು ಆ ಲಾನು. ಅದರ ತವರು ನಮ್ಮ ಏಷ್ಯಾವೇ ಎಂದು ಅವರಿಗೆ ಹೇಳುವ ಧೈರ್ಯ ಯಾರಿಗೂ ಇಲ್ಲ. ನಿಜವಾಗಿ ಮೆಕ್ಸಿಕೋ ಸೀಮೆಯಿಂದ ಬಂದದ್ದು ಕಾಂಪೌಂಡಿನಾಚೆ ಎದೆಮಟ್ಟ ನಿಂತಿದೆ, ಅದರ ವಿಷಯ ಆಮೇಲೆ.

ಮೊದಲು ಈ ಲಾನಿನ ಜಾಗದಲ್ಲಿ ರಾಗಿ ಹೊಲ ಇತ್ತು. ಜೇಕು ಆಗಲೂ ಇತ್ತು. ಕುಂಟೆ ಹೊಡೆಸಿ, ಹೆಂಗಸರು ಸಾಲಾಗಿ ಕೂತು ಕಿತ್ತು, ಅದನ್ನು ಒಂದು ಹದ್ದುಬಸ್ತಿನಲ್ಲಿ ಇಟ್ಟಿದ್ದರು. ಯಜಮಾನರು ಬಂದರು ನೋಡಿ, ಜೇಕಿಗೆ ರಾಜಯೋಗ ಶುರುವಾಯಿತು. ಸಾವಿರ ಅಡಿ ದಾಟಿದ ಕೊಳವೆಬಾವಿಯ ನೀರು ದಿನಾ ಹೊತ್ತಿಗೆ ಸರಿಯಾಗಿ. ಮೇಲೊಂದು ಲೋಡು ಕೆಮ್ಮಣ್ಣು, ಇನ್ನೊಂದು ಲೋಡು ಕೊಟ್ಟಿಗೆ ಗೊಬ್ಬರ; ಗೊಬ್ಬರದ ಜೊತೆ ಸುತ್ತಮುತ್ತಲ ಹಳ್ಳಿಗಳ ಸಕಲ ಕಳೆಬೀಜ ಪುಕ್ಕಟೆ. ಕಿತ್ತರೆ ಕೈಗೆ ಬರುವುದು ಬರೀ ಗರಿ. ಗೆಡ್ಡೆಗಳು ಕೆಳಗೆ ಒಂದಕ್ಕೊಂದು ದಾರ ಕಟ್ಟಿಕೊಂಡು ಕೂತಿರುತ್ತವೆ, ಒಂದರ ತಲೆ ಹೋದರೆ ಪಕ್ಕದ್ದಕ್ಕೆ ಎಚ್ಚರವಾಗುತ್ತದೆ.

ಜಿಕೆವಿಕೆ ಕೃಷಿ ಮೇಳಕ್ಕೆ ಇವರು ತಪ್ಪುವುದಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಎರಡು ಜೇಕು, ರಕ್ತಪರೀಕ್ಷೆಯ ರಿಪೋರ್ಟು ಹಿಡಿದವರ ಮುಖ.

‘ಹುಲ್ಲು ಉಳೀಬೇಕು, ಇದು ಸಾಯಬೇಕು. ಏನು ಹೊಡೀಲಿ?’

‘ಗ್ಲೈಫೋಸೇಟ್ ಹೊಡೆದ್ರೆ ಎರಡೂ ಹೋಗುತ್ತೆ ಸಾರ್. 2,4-ಡಿ ಅಗಲ ಎಲೆ ಕಳೆಗೆ, ಇದಕ್ಕೆ ಅಷ್ಟಾಗಿ ನಾಟಲ್ಲ. ಗೆಡ್ಡೆ ಸಮೇತ ಅಗೆದುಬಿಡಿ.’

‘ಅಗೆದ್ರೆ ಲಾನು?’

‘ಹೋಗುತ್ತೆ ಸಾರ್.’

ಕೊನೆಗೆ ಪಕ್ಕದ ಹಳ್ಳಿಯ ಅಜ್ಜಿಯೊಬ್ಬರನ್ನು ಕೂಲಿಗೆ ಕರೆಸಿದರು. ಕುರ್ಚಿ ಹಾಕಿಕೊಂಡು ಉಸ್ತುವಾರಿ ಬೇರೆ. ಅಜ್ಜಿ ಕೀಳುತ್ತಾ ಕೀಳುತ್ತಾ ಒಂದಷ್ಟನ್ನು ಬುಟ್ಟಿಗೂ ಒಂದಷ್ಟನ್ನು ಮಡಿಲಿಗೂ ಹಾಕಿಕೊಳ್ಳುವುದು ಕಂಡಿತು. ಆಫೀಸಿನಲ್ಲಿ ಮೂವತ್ತು ವರ್ಷ ಲೆಕ್ಕ ತಪಾಸಣೆ ಮಾಡಿದ ಕಣ್ಣು.

‘ಅದೇನಜ್ಜಿ?’

‘ಅಣ್ಣೆ ಸೊಪ್ಪು ಸಾಮಿ. ಇಲ್ನೋಡಿ ಗೋಣಿ ಸೊಪ್ಪು, ಹೊನಗೊನೆ. ಬೆರಕೆ ಸೊಪ್ಪಿನ ಸಾರಿಗೆ ಶ್ಯಾನೆ ಚೆಂದಾಗಿರ್ತದೆ. ನಿಮ್ಮಟ್ಟೀಲಿ ಮಾಡಾಕಿಲ್ವಾ?’

ಮಾಡುತ್ತಾರೆ. ಭಾನುವಾರ ಬೆಂಗಳೂರಿಗೆ ಕಾರಿನಲ್ಲಿ ಹೋಗಿ, ಸಾವಯವ ಅಂಗಡಿಯ ಫ್ರಿಜ್ಜಿನಿಂದ ಸೊಪ್ಪು ತಂದು ಮಾಡುತ್ತಾರೆ. ಅಜ್ಜಿಗೆ ಮಾತ್ರ ದುಡ್ಡು ಕೊಟ್ಟು ಸಾರಿನ ಸಾಮಾನನ್ನೂ ಕಟ್ಟಿ ಕಳಿಸಿದಂತಾಯಿತು ಎಂಬ ಸಂಕಟಕ್ಕೆ ಆವತ್ತು ರಾತ್ರಿ ಅವರಿಗೆ ನಿದ್ದೆ ಬರಲಿಲ್ಲವಂತೆ.

ಗರಿಕೆಯ ಮೇಲಿನ ದ್ವೇಷ ಇನ್ನೂ ಹಳೆಯದು. ವರ್ಷವಿಡೀ ಒಂದೊಂದು ಗೆಣ್ಣನ್ನೂ ಹುಡುಕಿ ಹುಡುಕಿ ಕಿತ್ತು, ರಸ್ತೆಯಾಚೆ ಎಸೆದು ಬರುತ್ತಾರೆ. ಗಣೇಶನ ಹಬ್ಬದ ಬೆಳಗ್ಗೆ ಹೆಂಡತಿ ‘ರೀ, 21 ಗರಿಕೆ ಬೇಕು’ ಎಂದರೆ ಸಂತೆಬೀದಿಗೆ ಓಡಿ, ಚೌಕಾಸಿ ಮಾಡಿ ಒಂದು ಕಟ್ಟು ತರುತ್ತಾರೆ. ಪೂಜೆ ಮುಗಿದ ಮೇಲೆ ಆ ನಿರ್ಮಾಲ್ಯವನ್ನು ಲಾನಿನ ಹತ್ತಿರ ಹಾಕಲು ಯಾರನ್ನೂ ಬಿಡುವುದಿಲ್ಲ, ಚಿಗುರಿಬಿಟ್ಟೀತು!

ಇನ್ನು ಕಾಂಪೌಂಡಿನಾಚೆಯದು. ಅಲ್ಲಿರುವ ಖಾಲಿ ಸೈಟಿನ ತುಂಬ ಪಾರ್ಥೇನಿಯಂ, ನಮ್ಮ ಜನರ ಬಾಯಲ್ಲಿ ಕಾಂಗ್ರೆಸ್ ಗಿಡ. ಒಂದು ಗಿಡ 10,000ಕ್ಕೂ ಹೆಚ್ಚು ಬೀಜ ಉದುರಿಸುತ್ತದೆ. ಗಾಳಿ ಬಂದರೆ ಯಜಮಾನರಿಗೆ ಸೀನು, ಮುಟ್ಟಿದರೆ ತುರಿಕೆ. ಇದನ್ನು ತಿನ್ನಲೆಂದೇ ಮೆಕ್ಸಿಕೋದಿಂದ ಒಂದು ಜೀರುಂಡೆ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಅದು ಬಂದು ಎಲೆ ಮೇಯುವುದೂ ಉಂಟು. ಆದರೆ ಯಜಮಾನರು ಕೀಟ ಕಂಡಲ್ಲಿ ಔಷಧಿ ಹೊಡೆಯುವವರು, ಅದಕ್ಕೂ ಹೊಡೆದರು.

ಸೈಟಿನ ಒಡೆಯ ಅಮೆರಿಕದಲ್ಲಿ. ಬಡಾವಣೆಯ ಸಂಘದ ಸಭೆಯಲ್ಲಿ ಎರಡು ಸಲ ಠರಾವು ಮಾಡಿಸಿಯೂ ಏನೂ ಆಗದೆ, ಬೆಳ್ಳಗೆ ಹೂಬಿಟ್ಟ ಆ ಕಾಡನ್ನು ನಾಲ್ಕು ದಿಕ್ಕಿನಿಂದ ಫೋಟೋ ತೆಗೆದು ಅವನ ವಾಟ್ಸಾಪಿಗೆ ಕಳಿಸಿದರು. ಕೆಳಗೆ ಬರೆದದ್ದು ಇಷ್ಟೇ: ‘ನಿಮ್ಮ ಸೈಟಿನ ಸ್ಥಿತಿ ನೋಡಿ.’

ಅರ್ಧರಾತ್ರಿ ಉತ್ತರ ಬಂತು. ‘ತುಂಬಾ ಚೆನ್ನಾಗಿ ಮೇಂಟೇನ್ ಮಾಡಿದ್ದೀರಿ ಅಂಕಲ್, ಥ್ಯಾಂಕ್ಸ್. ಬೇಸಿಗೆಯಲ್ಲೂ ನೀರು ಹಾಕಿಸ್ತಾ ಇರಿ.’