ಮನೆ ಯಜಮಾನರನ್ನು ಬಳಸುವ ಕ್ರಮ: ಮೇಸ್ತ್ರಿಗಳಿಗೊಂದು ಕೈಪಿಡಿ

ಮೇಸ್ತ್ರಿಗಳೇ, ಹೊಸ ಯಜಮಾನರನ್ನು ಒಪ್ಪಿಕೊಂಡಿದ್ದಕ್ಕೆ ಅಭಿನಂದನೆಗಳು. ಮಿಕ್ಸರಿಗೆ, ವೈಬ್ರೇಟರಿಗೆ, ನೀರೆತ್ತುವ ಮೋಟರಿಗೆ ಎಲ್ಲಕ್ಕೂ ಒಂದೊಂದು ಪುಸ್ತಕ ಪೆಟ್ಟಿಗೆಯಲ್ಲೇ ಬರುತ್ತದೆ. ಕಟ್ಟಡದ ಕೆಲಸದಲ್ಲಿ ಪದೇ ಪದೇ ಕೆಟ್ಟು ನಿಲ್ಲುವ ಯಂತ್ರವೆಂದರೆ ಮನೆ ಯಜಮಾನ. ಅವನಿಗೆ ಮಾತ್ರ ಯಾರೂ ಕೈಪಿಡಿ ಬರೆದಂತಿಲ್ಲ. ಬರೆಯಲು ನನಗಿರುವ ಅರ್ಹತೆ ಒಂದೇ. ಮೈಸೂರಿನ ಹೊರವಲಯದ ಒಂದು ಮೂವತ್ತು-ನಲವತ್ತರ ಸೈಟಿನಲ್ಲಿ ಹದಿನಾಲ್ಕು ತಿಂಗಳು ನಾನೇ ಆ ಯಂತ್ರವಾಗಿದ್ದೆ. ಎಂಟು ತಿಂಗಳಲ್ಲಿ ಮುಗಿಯಬೇಕಿದ್ದ ಕೆಲಸ ಅದು.

ಬಳಸುವ ಮುನ್ನ

ಯಂತ್ರ ಸಾಮಾನ್ಯವಾಗಿ ನಿವೃತ್ತಿಗೆ ಎರಡು ಮೂರು ವರ್ಷ ಬಾಕಿ ಇರುವಾಗ ನಿಮ್ಮ ಕೈಗೆ ಬರುತ್ತದೆ. ಓಡುವುದು ಬ್ಯಾಂಕ್ ಸಾಲದ ಮೇಲೆ. ಆ ಸಾಲ ಒಂದೇ ಸಲ ಹರಿಯುವುದಿಲ್ಲ: ಪಾಯಕ್ಕೊಂದು ಕಂತು, ಲಿಂಟಲಿಗೊಂದು, ಮೋಲ್ಡಿಗೊಂದು, ಗಾರೆಗೊಂದು. ಕೆಲಸ ತೋರಿಸಿದರೆ ದುಡ್ಡು ಅನ್ನುವುದು ಬ್ಯಾಂಕಿನವರ ಮಾತು, ದುಡ್ಡು ತೋರಿಸಿದರೆ ಕೆಲಸ ಅನ್ನುವುದು ನಿಮ್ಮ ಮಾತು. ಎರಡರ ನಡುವೆ ಸಿಕ್ಕಿಕೊಂಡ ಯಂತ್ರ ಕಾದು ಕೆಂಪಾಗುತ್ತದೆ. ಸ್ವಲ್ಪ ದಿನ ಹೆಂಡತಿಯ ಬಳೆಗಳ ಮೇಲೆ ಓಡುತ್ತದೆ. ಆ ಹೊತ್ತಿನಲ್ಲಿ ಮುಟ್ಟಬೇಡಿ.

ಜೊತೆಗೆ ಬರುವ ಬಿಡಿಭಾಗಗಳು: ಭಾವಮೈದ ಒಬ್ಬ, ವಾಸ್ತು ಹೇಳುವವರು ಒಬ್ಬರು, ಬೆಂಗಳೂರಿನಲ್ಲಿ ಸಾಫ್ಟ್‌ವೇರಿನಲ್ಲಿರುವ ಮಗ ಒಬ್ಬ. ಇವನ್ನು ಬಿಚ್ಚಿ ಬದಿಗಿಡಲು ಬರುವುದಿಲ್ಲ.

ಚಾಲೂ ಮಾಡುವುದು

ಒಂಟಿಕೊಪ್ಪಲ್ ಪಂಚಾಂಗ ನೋಡಿ, ಆಷಾಢ ಕಾಲಿಡುವ ಮೊದಲೇ ಗುದ್ದಲಿ ಪೂಜೆ ಮುಗಿಸಿ. ತೆಂಗಿನಕಾಯಿ ಒಡೆದ ಐದು ನಿಮಿಷಕ್ಕೆ ಯಂತ್ರ ತನ್ನ ಮೊದಲ ಸದ್ದು ಮಾಡುತ್ತದೆ: "ಎಷ್ಟು ತಿಂಗಳಾಗಬಹುದು ಮೇಸ್ತ್ರಿ?" ಇದಕ್ಕೆ ಅಂಕಿಯಲ್ಲಿ ಉತ್ತರ ಕೊಟ್ಟವರು ಕೆಟ್ಟರು. ನಮ್ಮ ಮೇಸ್ತ್ರಿ, "ನೀವು ಹೆಂಗಂತೀರೋ ಹಂಗೆ ಸಾ" ಅಂದರು. ವಿನಯ ಅಂದುಕೊಂಡೆ. ಅದು ಎಚ್ಚರಿಕೆ ಅಂತ ಗೊತ್ತಾಗಲು ವರ್ಷ ಹಿಡಿಯಿತು.

ಮಗ ಲ್ಯಾಪ್‌ಟಾಪಿನಲ್ಲಿ ಗ್ಯಾಂಟ್ ಚಾರ್ಟ್ ಮಾಡಿ ಕಳಿಸಿದ. ಹೆನ್ರಿ ಗ್ಯಾಂಟ್ ಅನ್ನುವ ಅಮೆರಿಕದ ಎಂಜಿನಿಯರು ನೂರು ವರ್ಷದ ಹಿಂದೆಯೇ ಬಳಕೆಗೆ ತಂದ ಚಾರ್ಟು ಅದು. ಯಾವ ಕೆಲಸ ಎಂದು ಶುರು, ಎಂದು ಮುಕ್ತಾಯ ಅಂತ ಉದ್ದುದ್ದ ಪಟ್ಟಿಗಳು. ಬಣ್ಣದಲ್ಲಿ ಪ್ರಿಂಟ್ ತೆಗೆಸಿ ಶೆಡ್ಡಿನ ತಗಡಿಗೆ ಅಂಟಿಸಿದೆ. ತಿಂಗಳು ಕಳೆಯುವುದರೊಳಗೆ ಪ್ಲಂಬರು ಶ್ರಾವಣದ ಮೇಲೆ ಯಾರದೋ ಮೊಬೈಲ್ ನಂಬರು ಬರೆದ. ಕಾರ್ತಿಕದ ಮೇಲೆ ಸುಣ್ಣದ ಕೈ ಬಿತ್ತು. ಅದಕ್ಕೆ ನನಗೆ ಬೇಸರವಿಲ್ಲ. ಬಹಳ ದಿನ ಆದಮೇಲೆ ಕಣ್ಣಿಗೆ ಬಿದ್ದ ಸಂಗತಿಯೇ ಬೇರೆ: ಚಾರ್ಟಿನಲ್ಲಿದ್ದ ಪಟ್ಟಿಗಳೆಲ್ಲ ಕೆಲಸಗಾರರವು. ‘ಯಜಮಾನರು ಟೈಲ್ಸ್ ಆರಿಸಿ ಮುಗಿಸುವುದು’ ಅಂತ ಒಂದೇ ಒಂದು ಪಟ್ಟಿ ಇರಲಿಲ್ಲ.

ವೇಗ ಸಾಲದು ಎಂದು ಯಂತ್ರ ಗೊರಗುಟ್ಟಿದಾಗ

ಮೈಸೂರು ಸೀಮೆಯ ಪ್ರತಿ ಮೇಸ್ತ್ರಿಯ ತಾತನೂ ಕನ್ನಂಬಾಡಿ ಕಟ್ಟೆಗೆ ಕಲ್ಲು ಹೊತ್ತವನೇ. ಅಷ್ಟು ತಾತಂದಿರನ್ನು ನಿಲ್ಲಿಸಿದ್ದರೆ ಕಟ್ಟೆಯೇ ಬೇಕಿರಲಿಲ್ಲ, ಕಾವೇರಿ ತಾನಾಗಿ ನಿಲ್ಲುತ್ತಿದ್ದಳು. ಮೂರನೇ ತಿಂಗಳಲ್ಲಿ ಯಂತ್ರ "ಇನ್ನೂ ಲಿಂಟಲ್ ಆಗಿಲ್ವಲ್ಲ" ಎಂದಾಗ ಈ ತಾತನನ್ನು ಹೊರಗೆ ತೆಗೆಯಬೇಕು. ನಮ್ಮವರು ತೆಗೆದರು: "1911ರಲ್ಲಿ ಶುರು ಮಾಡಿದ್ದು ಸಾ. ಇಪ್ಪತ್ತು ವರ್ಷ ಹಿಡೀತು. ಸಿಮೆಂಟಲ್ಲ, ಸುರ್ಕಿ ಗಾರೆ. ಈಗ್ಲೂ ಹೆಂಗೈತೆ ನೋಡಿ."

ನಾನು ಓದಿಕೊಂಡವನಲ್ಲವೇ, ಪಾಂಬನ್ ಸೇತುವೆಯನ್ನು ಎದುರಿಗೆ ತಂದೆ. 1964ರ ಡಿಸೆಂಬರಿನ ಚಂಡಮಾರುತಕ್ಕೆ ಕೊಚ್ಚಿಹೋದ ರೈಲು ಸೇತುವೆ, ಇ. ಶ್ರೀಧರನ್ ಆಗಿನ್ನೂ ಚಿಕ್ಕ ವಯಸ್ಸಿನ ಎಂಜಿನಿಯರು. ಸಮುದ್ರಕ್ಕೆ ಬಿದ್ದಿದ್ದ ಗರ್ಡರುಗಳನ್ನೇ ಎತ್ತಿಸಿ ತಂದು 46 ದಿನದಲ್ಲಿ ಮತ್ತೆ ರೈಲು ಓಡುವಂತೆ ಮಾಡಿದರು. ಮೇಸ್ತ್ರಿ ಶ್ರದ್ಧೆಯಿಂದ ಕೇಳಿದರು. ಕರಣೆಗೆ ಅಂಟಿದ್ದ ಗಾರೆಯನ್ನು ಬಾಂಡ್ಲಿಯ ಅಂಚಿಗೆ ಸವರಿ, "ಆ ಸೇತುವೆ ಯಜಮಾನ್ರು ಯಾರು ಸಾ?" ಅಂದರು.

"ರೈಲ್ವೆಯವರು."

"ಮಧ್ಯದಲ್ಲಿ ಬಂದು, ಈ ಕಂಬ ಎರಡಡಿ ಆಚೆ ಹಾಕಿ ಅಂದ್ರಾ?"

ಹಿಂದಿನ ದಿನವಷ್ಟೇ ನಾನು ಅಡುಗೆಮನೆ ಕಿಟಕಿಯನ್ನು ಎರಡಡಿ ಸರಿಸಲು ಹೇಳಿದ್ದೆ. ಭಾನುವಾರ ಬಂದಿದ್ದ ಭಾವಮೈದ, ಇಲ್ಲಿಂದ ಪಕ್ಕದ ಮನೆಯ ಬಚ್ಚಲು ಕಾಣುತ್ತೆ ಎಂದು ತೀರ್ಪು ಕೊಟ್ಟಿದ್ದ. ಸೋಮವಾರ ನಾನು ಅಂದದ್ದಿಷ್ಟು: "ಎರಡೇ ಅಡಿ, ಅಷ್ಟೆ." ಆ ‘ಅಷ್ಟೆ’ಯ ಹೊಟ್ಟೆಯಲ್ಲಿ ಏನೇನಿತ್ತು ಅಂದರೆ, ಲಿಂಟಲಿಗೆ ಹಲಗೆ ಹೊಡೆದು ಕಂಬಿ ಕಟ್ಟಿ ಆಗಿತ್ತು, ಅದನ್ನು ಬಿಚ್ಚಬೇಕು. ಕಿಟಕಿಯ ಎತ್ತರ ನಾಲ್ಕಡಿ, ಎಂಟಿಂಚಿನ ಬ್ಲಾಕು ಆರು ವರಸೆ, ಒಂದು ಕಡೆ ಕೀಳಬೇಕು, ಇನ್ನೊಂದು ಕಡೆ ತುಂಬಬೇಕು. ಇಬ್ಬರು ಗಾರೆಯವರು, ಒಬ್ಬ ಹೆಣ್ಣಾಳು, ಒಂದು ದಿನ. ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಕಂಬಿಯವನು ಬೇರೆ ಕಡೆ ಒಪ್ಪಿಕೊಂಡಿದ್ದ, ಅವನು ಮತ್ತೆ ಬರಲು ಆರು ದಿನ. ಆ ಆರು ದಿನ ಕೈಕಟ್ಟಿ ಕೂರಲಾರದೆ ಗಾರೆಯವರು ಬೋಗಾದಿ ಕಡೆ ಇನ್ನೊಂದು ಕೆಲಸ ಹಿಡಿದರು. ಅವರು ವಾಪಸ್ ಬಂದದ್ದು ಹನ್ನೊಂದನೇ ದಿನ. ಎರಡಡಿಗೆ ಹನ್ನೊಂದು ದಿನ. ಈಗ ಆ ಕಿಟಕಿಯಿಂದ ಪಕ್ಕದ ಮನೆಯ ಬಚ್ಚಲು ಕಾಣುವುದಿಲ್ಲ, ಅವರ ದೇವರ ಮನೆ ಕಾಣುತ್ತದೆ.

ಭಾಷೆ

ಯಂತ್ರಕ್ಕೆ ನಿಮ್ಮ ಮಾತು ಅರ್ಥವಾಗುವುದಿಲ್ಲ; ಅದು ನಿಮಗೆ ಅನುಕೂಲವೇ. "ಆಯ್ತು ಸಾ" ಅಂದರೆ ಆಗುವುದಿಲ್ಲ. "ನೋಡಾಣ" ಅಂದರೆ ನೋಡುವುದಿಲ್ಲ. "ಆಗೋಯ್ತು ಅನ್ಕೊಳ್ಳಿ" ಅಂದರೆ ಇನ್ನೂ ಸಾಮಾನೇ ಬಂದಿಲ್ಲ. ಕಡೆಯ ಮಾತನ್ನು ನಂಬಿ ನಾನು ಎರಡು ಸಲ ಗೃಹಪ್ರವೇಶಕ್ಕೆ ಪುರೋಹಿತರನ್ನು ಗೊತ್ತು ಮಾಡಿದ್ದೆ.

ಯಂತ್ರವನ್ನು ಸುಮ್ಮನಿರಿಸುವುದು

ಕೈಗೆ ನೀರಿನ ಪೈಪು ಕೊಡಿ. ಬೇರೆ ಉಪಾಯ ಬೇಕಿಲ್ಲ. ಮೋಲ್ಡ್ ಹಾಕಿದ ಮಾರನೆಯ ದಿನದಿಂದ ಯಂತ್ರ ಬೆಳಗಿನ ಐದೂವರೆಗೆ ತಾನೇ ಎದ್ದು ಸೈಟಿಗೆ ಬರುತ್ತದೆ. ತಾರಸಿಯ ಮೇಲೆ ಮಣ್ಣಿನ ಪಾತಿ ಕಟ್ಟಿ ನೀರು ನಿಲ್ಲಿಸುತ್ತದೆ. ಹಸಿ ಗೋಡೆಗೆ ನೀರು ಬಿದ್ದೊಡನೆ ಸುಯ್ ಎಂದು ಹೀರುವ ಸದ್ದು, ಮೊದಲ ಮಳೆಯದ್ದಲ್ಲದಿದ್ದರೂ ಅದರ ಷಡ್ಡಕನಂಥ ಒಂದು ವಾಸನೆ. ಬಿಸಿಲೇರುವ ಹೊತ್ತಿಗೆ ಗೋಡೆ ಮತ್ತೆ ಬೆಳ್ಳಗಾಗಿ ಬಾಯಿ ತೆರೆದಿರುತ್ತದೆ. ಮತ್ತೆ ಪೈಪು. ಕಾಂಕ್ರೀಟನ್ನು ಸಾದಾ ಸಿಮೆಂಟಾದರೆ ಕನಿಷ್ಠ 7 ದಿನ, ಈಗ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಪಿಪಿಸಿಯಾದರೆ 10 ದಿನ ಆರಗೊಡಬಾರದು ಎಂದು ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ನಾನು ಹದಿನೈದು ದಿನ ನೀರು ಹೊಡೆದೆ. ಇಡೀ ಹದಿನಾಲ್ಕು ತಿಂಗಳಲ್ಲಿ ನನ್ನಿಂದ ಕಟ್ಟಡಕ್ಕಾದ ಉಪಕಾರ ಅದೊಂದೇ ಎಂದು ಮೇಸ್ತ್ರಿ ನಾಲ್ಕು ಜನರ ಎದುರಿಗೇ ಹೇಳಿದ್ದಾರೆ.

ಇದೇ ಯಂತ್ರವನ್ನು ಮೋಲ್ಡ್ ದಿನ ಮಾತ್ರ ಮಿಕ್ಸರಿನ ಹತ್ತಿರ ಬಿಡಬಾರದು, ಬಿರಿಯಾನಿ ಪಾತ್ರೆಯ ಹತ್ತಿರ ನಿಲ್ಲಿಸಬೇಕು ಎಂದು ನೀವು ಬಯಸುತ್ತೀರಿ. ಕಾರಣ ಗೊತ್ತು. ಮನೆಗೆ ಹಾಕುವ ಎಂ20 ಕಾಂಕ್ರೀಟಿಗೆ 50 ಕೆ.ಜಿ. ಚೀಲವೊಂದಕ್ಕೆ 27 ಲೀಟರಿನ ಮೇಲೆ ನೀರು ಹೋಗಬಾರದು, ಮರಳು ಒದ್ದೆಯಿದ್ದರೆ ಅಷ್ಟೂ ಬೇಡ. ಆದರೆ ಬಾಂಡ್ಲಿ ಹೊತ್ತು ಏಣಿ ಹತ್ತುವವರಿಗೆ, ಮೇಲೆ ಹರಡುವವರಿಗೆ, ತೆಳ್ಳಗಿದ್ದರೆ ಹಗುರ. ಬಕೆಟ್ ಹಿಡಿದವನಿಗೆ ಮೇಲಿನಿಂದ "ಇನ್ನೊಂಚೂರು ಬಿಡ್ಲಾ" ಎಂಬ ಕೂಗು ಬರುತ್ತದೆ, ಅವನು ಬಿಡುತ್ತಾನೆ. ಆ ಒಂಚೂರು ಆಮೇಲೆ ಆರಿಹೋಗಿ ಅದಿದ್ದ ಜಾಗ ಪೊಳ್ಳಾಗುತ್ತದೆ. ಯಂತ್ರ ಆಗ ಬಿರಿಯಾನಿಗೆ ಉಪ್ಪು ನೋಡುತ್ತಿರುತ್ತದೆ.

ಇಲ್ಲಿ ಕೈಪಿಡಿಯನ್ನು ಸ್ವಲ್ಪ ಬದಿಗಿಟ್ಟು ನಿಮ್ಮ ಮೇಲೊಂದು ದೂರು ಹೇಳಿಕೊಳ್ಳುತ್ತೇನೆ. ಒದ್ದೆ ಮರಳು ಉಬ್ಬುತ್ತದೆ. ಸ್ವಲ್ಪ ತೇವವಿದ್ದರೆ ಸಾಕು, ಒಣ ಮರಳಿಗಿಂತ ಕಾಲು ಭಾಗ ಹೆಚ್ಚು ಜಾಗ ಹಿಡಿಯಬಲ್ಲದು. ನಾನು ಮಳೆಗಾಲದಲ್ಲಿ ಲಾರಿಯ ಅಡಿ ಲೆಕ್ಕದಲ್ಲಿ ಮೂರು ಲೋಡು ಕೊಂಡು ಮರಳಿನ ಜೊತೆ ಗಾಳಿಗೂ ದುಡ್ಡು ಕೊಟ್ಟೆ. ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದರು. ಆಮೇಲೆ ಕೇಳಿದರೆ, "ಕೇಳಿದ್ರೆ ಹೇಳ್ತಿದ್ದೆ ಸಾ." ಸೆಂಟ್ರಿಂಗ್ ಬಿಚ್ಚುವ ವಿಷಯದಲ್ಲೂ ಇದೇ ಕತೆ. 4.5 ಮೀಟರಿನವರೆಗಿನ ಸ್ಲ್ಯಾಬಿಗೆ ಕೊಟ್ಟ ಊರೆಗಳನ್ನು 7 ದಿನಕ್ಕೆ ತೆಗೆಯಬಹುದು, ಅದಕ್ಕಿಂತ ಅಗಲವಿದ್ದರೆ 14 ದಿನ ಬಿಡಬೇಕು. ನಮ್ಮ ಹಾಲು ಹದಿನೈದು ಅಡಿ, ಅಂದರೆ 4.5 ಮೀಟರಿಗೆ ನಾಲ್ಕು ಬೆರಳು ಜಾಸ್ತಿ. ಏಳನೇ ದಿನವೇ ಸೆಂಟ್ರಿಂಗಿನವನು ಟೆಂಪೋ ತಂದು ನಿಲ್ಲಿಸಿದ. ಆ ನಾಲ್ಕು ಬೆರಳಿಗೆ ನಾನೂ ಅವನೂ ಬೀದಿಯಲ್ಲಿ ಜಗಳವಾಡಿದೆವು. ಅವನಿಗಿಂತ ಚೆನ್ನಾಗಿ ನಿಯಮ ಬಲ್ಲ ಮೇಸ್ತ್ರಿ ಬೇವಿನ ಮರದ ಕೆಳಗೆ ಎಲೆ ಅಡಿಕೆ ಹಾಕಿಕೊಂಡರು. ಕೇಳಿದರೆ ಮಾತ್ರ ಹೇಳುವ ಈ ಗುಣ ನಿಮ್ಮ ಮಾದರಿಯ ತಯಾರಿಕೆಯಲ್ಲೇ ಉಳಿದ ದೋಷ.

ವಾರಕ್ಕೊಮ್ಮೆ ಎಣ್ಣೆ ಹಾಕುವುದು

ಎಂಟನೇ ತಿಂಗಳು. ಚಾರ್ಟಿನ ಪ್ರಕಾರ ನಾವು ಹೊಸ ಮನೆಯಲ್ಲಿ ಮಲಗಿರಬೇಕಿತ್ತು. ಮಗ ಫೋನಿನಲ್ಲಿ ಹೊಸದೊಂದು ಹೇಳಿದ. 1990ರ ದಶಕದಲ್ಲಿ ಅಮೆರಿಕದ ಗ್ಲೆನ್ ಬ್ಯಾಲಾರ್ಡ್ ಎನ್ನುವವರು ದೊಡ್ಡ ದೊಡ್ಡ ಸೈಟುಗಳಲ್ಲಿ ಕೂತು ಎಣಿಸಿದರಂತೆ: ಈ ವಾರ ಮಾಡುತ್ತೇವೆ ಅಂದ ಕೆಲಸಗಳಲ್ಲಿ ವಾರದ ಕೊನೆಗೆ ಮುಗಿದಿರುತ್ತಿದ್ದದ್ದು ಅರ್ಧದ ಆಸುಪಾಸು. ಅವರು ರೂಪಿಸಿದ ಪದ್ಧತಿಗೆ ‘ಲಾಸ್ಟ್ ಪ್ಲಾನರ್’ ಅಂತ ಹೆಸರು. ನಾಳೆ ಬೆಳಗ್ಗೆ ಯಾರ ಕೈಗೆ ಯಾವ ಕೆಲಸ ಅಂತ ಕಟ್ಟಕಡೆಗೆ ತೀರ್ಮಾನಿಸುವವನು ಯಾರೋ, ಅವನ ಬಾಯಿಂದಲೇ ವಾರದ ಮಾತು ಬರಬೇಕು. ಸಾಮಾನು, ಆಳು, ತೀರ್ಮಾನ ಮೂರೂ ಸಿದ್ಧವಿರುವ ಕೆಲಸಕ್ಕೆ ಮಾತ್ರ ಅವನು ಮಾತು ಕೊಡಬೇಕು. ಸಿದ್ಧವಿಲ್ಲದಿದ್ದರೆ ‘ಆಗಲ್ಲ’ ಅನ್ನುವ ಹಕ್ಕು ಅವನಿಗಿರಬೇಕು. ಆಗದೆ ಉಳಿದದ್ದಕ್ಕೆ ಕಾರಣ ಬರೆದಿಡಬೇಕು.

ನಮಗೆ ಶನಿವಾರದ ಬಟವಾಡೆ ಇದ್ದೇ ಇತ್ತು. ಆಳುಗಳ ಕೂಲಿ ಎಣಿಸಿ ಕೊಟ್ಟಮೇಲೆ ನಾನು, ಮೇಸ್ತ್ರಿ ಜಲ್ಲಿ ಗುಡ್ಡೆಯ ಮೇಲೆ ಕೂತೆವು. ಹಳೇ ಕ್ಯಾಲೆಂಡರ್ ಹಾಳೆಯ ಬೆನ್ನು, ಎಲೆಕ್ಟ್ರಿಷಿಯನ್ನನ ಕಿವಿಯ ಮೇಲಿದ್ದ ಪೆನ್ಸಿಲು. "ಬರೋ ವಾರ ಏನೇನು ಆಗುತ್ತೆ? ಆಗಲ್ಲ ಅನ್ನೋದನ್ನ ಆಗಲ್ಲ ಅನ್ನಿ" ಅಂದೆ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಇದರಲ್ಲಿ ಮೋಸ ಎಲ್ಲಿದೆ ಅಂತ ಹುಡುಕಿದಂತಿತ್ತು.

"ಬಚ್ಚಲಿಗೆ ಯಾವ ಟೈಲ್ಸು? ಮುಂಬಾಗ್ಲು ತೇಗವಾ, ಹೊನ್ನೆಯಾ? ಮಹಡಿ ನೆಲಕ್ಕೆ ಏನ್ ಹಾಸ್ತೀರಿ, ಅದು ಗೊತ್ತಾಗ್ದೆ ಮೆಟ್ಲು ಕಟ್ಟಕ್ಕಾಗಲ್ಲ ಸಾ." ಮೂರೂ ನನ್ನ ಹತ್ತಿರ ಎರಡು ತಿಂಗಳಿಂದ ಕೊಳೆಯುತ್ತಿದ್ದ ಪ್ರಶ್ನೆಗಳು.

ಒಂದು ತಿಂಗಳ ಹಾಳೆಗಳನ್ನು ಒಟ್ಟಿಗಿಟ್ಟು ಲೆಕ್ಕ ಮಾಡಿದೆವು. ಆಗದೆ ಉಳಿದ ಕೆಲಸಗಳ ಮುಂದೆ ಮೇಸ್ತ್ರಿಯ ಸೊಟ್ಟ ಅಕ್ಷರಗಳಲ್ಲಿ ಕಾರಣಗಳಿದ್ದವು. ‘ಸಿಮೆಂಟ್ ಬರಲಿಲ್ಲ’ ಒಂದು ಸಲ. ‘ಆಳು ಜಾತ್ರೆಗೆ ಹೋದ’ ಎರಡು ಸಲ. ‘ಸಾರ್ ಹೇಳಲಿಲ್ಲ’ ಏಳು ಸಲ.

ಇಂಥ ಒಂದು ಶನಿವಾರವೇ, ಶೆಡ್ಡಿನಲ್ಲಿದ್ದ ಯಾದಗಿರಿ ಕಡೆಯ ಗಂಡ-ಹೆಂಡತಿ ಒಂದು ಅರ್ಜಿ ಹಿಡಿದು ಬಂದರು. ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ, 18ರಿಂದ 60 ವಯಸ್ಸಿನೊಳಗಿನವರು ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಕೆಲಸ ಮಾಡಿಸಿಕೊಂಡವನು ಹೌದು ಎಂದು ಸಹಿ ಹಾಕಬೇಕು. ಅವರು ನನ್ನ ಸೈಟಿನಲ್ಲೇ ಆರು ತಿಂಗಳಿಂದ ಇದ್ದರು. ನನಗೆ ಅವರ ಪೂರ್ತಿ ಹೆಸರು ಗೊತ್ತಾದದ್ದು ಆ ಅರ್ಜಿಯಿಂದ. ಮೇಸ್ತ್ರಿಗಳೇ, ಯಂತ್ರದ ಬಲಗೈಯಲ್ಲಿ ಈ ಗುಂಡಿಯೂ ಒಂದಿದೆ, ಒತ್ತಿಸಿಕೊಳ್ಳಿ.

ವಾರಂಟಿ

ಇಲ್ಲ.

ಶನಿವಾರದ ಹಾಳೆ ಬಂದಮೇಲೆ ಕೆಲಸ ಓಡಿತು. ಮಹಡಿಗೆ ವಿಟ್ರಿಫೈಡ್ ಟೈಲ್ಸ್ ಎಂದು ಹೇಳಿ ಬರೆಸಿದೆ. ಟೈಲ್ಸು ತೆಳು, ಅದರ ಲೆಕ್ಕಕ್ಕೆ ಮೆಟ್ಟಿಲು ಕಟ್ಟಿದರು, ಒಂದೊಂದೂ ಆರಿಂಚು, ಹಲ್ಲು ಜೋಡಿಸಿದ ಹಾಗೆ. ಹನ್ನೊಂದನೇ ತಿಂಗಳಲ್ಲಿ ಭಾವಮೈದ ನನ್ನನ್ನು ಒಂದು ಗ್ರಾನೈಟ್ ಅಂಗಡಿಗೆ ಕರೆದುಕೊಂಡು ಹೋದ. ಕಪ್ಪು ಕಲ್ಲಿನಲ್ಲಿ ನನ್ನದೇ ಮುಖ ಕಂಡಿತು. ಸೋಮವಾರ ಸೈಟಿಗೆ ಬಂದು ಮಹಡಿಗೆ ಗ್ರಾನೈಟು ಅಂದೆ.

ಈ ಸಲ ನಾನು ಕೇಳದೆಯೇ ಮೇಸ್ತ್ರಿ ಬಾಯಿ ಬಿಟ್ಟರು: "ಕಲ್ಲು ದಪ್ಪ ಸಾ, ಕೆಳಗೆ ಗಾರೆನೂ ದಪ್ಪ ಬೇಕು. ಕೊನೆ ಮೆಟ್ಲು ಒಂದೂವರೆ ಇಂಚು ಎತ್ರ ಆಯ್ತದೆ."

"ಒಂದೂವರೆ ಇಂಚು ತಾನೆ," ಅಂದೆ.

ಅವರು ಪೆನ್ಸಿಲು ತೆಗೆದು ಹಾಳೆಯಲ್ಲಿ ಬರೆದುಕೊಂಡರು: ‘ಸಾರ್ ಹೇಳಿದರು.’

ಗೃಹಪ್ರವೇಶದ ದಿನ ಆ ಮೆಟ್ಟಿಲಿಗೆ ಮೊದಲು ಎಡವಿದವನು ಭಾವಮೈದ, ಕೈಯಲ್ಲಿ ಪಾಯಸದ ಲೋಟವಿತ್ತು. ಆಮೇಲೆ ಪುರೋಹಿತರು, ಆಮೇಲೆ ಇಬ್ಬರು ಅತ್ತೆಯರು, ಮಧ್ಯಾಹ್ನದ ಹೊತ್ತಿಗೆ ಎಣಿಸುವುದು ಬಿಟ್ಟೆ. ಮೇಸ್ತ್ರಿ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಹೆಂಡತಿಯನ್ನು ಕರೆದುಕೊಂಡು ಮೂರು ಗಂಟೆಗೆ ಬಂದರು. ಯಾರೊಡನೆಯೋ ಮಾತಾಡುತ್ತಲೇ ಮೆಟ್ಟಿಲು ಹತ್ತಿದರು. ಕೊನೆಯದಕ್ಕೆ ಬಂದಾಗ ಕೆಳಗೆ ನೋಡದೆ ಕಾಲನ್ನು ಒಂದು ಚೂರು ಮೇಲೆತ್ತಿ ಇಟ್ಟು, ಹಿಂದಕ್ಕೆ ಕೈಚಾಚಿ ಹೆಂಡತಿಗೆ ಹೇಳಿದರು: "ಹುಷಾರು, ಇದೊಂದು ಎತ್ರ."