ಕಾರಿಲ್ಲದ ಕಾರಿನ ಕಡ್ಡಿ

ಹೆದ್ದಾರಿ ಪಕ್ಕದ ಊರಿನವರಿಗೆ ಕಾರಿನ ನೆತ್ತಿಯ ಮೇಲೆ ಕಡ್ಡಿ ಕಂಡರೆ ಪೊಲೀಸರ ನೆನಪಾಗುತ್ತದೆ. ಆನಗೋಡಿನಲ್ಲಿ ಅಂಥದೊಂದನ್ನು ಅಂಟಿಸಿಕೊಂಡು ಓಡಾಡುವ ನನ್ನನ್ನು, ಮೃಗಾಲಯಕ್ಕೆ ದಾರಿ ಕೇಳುವವರೂ ‘ಸರ್’ ಅನ್ನುತ್ತಾರೆ. ಹ್ಯಾಮ್ ರೇಡಿಯೊ ಲೈಸೆನ್ಸಿನಿಂದ ಸಿಗದ ಮರ್ಯಾದೆ ಕಡ್ಡಿಯಿಂದ ಸಿಕ್ಕಿದೆ. ಪೇಚು ಶುರುವಾಗುವುದು ಮಗ ಕಾರನ್ನು ದಾವಣಗೆರೆಗೆ ಒಯ್ದಾಗ. ರೇಡಿಯೊ ಇದೆ, ಕಡ್ಡಿ ಇದೆ, ಹರಿಹರದಲ್ಲಿ ಗೆಳೆಯ ಕಾಯುತ್ತಿದ್ದಾನೆ, ಕಾರಿಲ್ಲ.

ಕಾರು ಯಾಕೆ ಬೇಕು ಅನ್ನಬಹುದು. ನಾವು ಮಾತಾಡುವ 145 ಮೆಗಾಹರ್ಟ್ಸ್ ಸುಮಾರಿನ ಅಲೆಯ ಉದ್ದ ಎರಡು ಮೀಟರು. ಕಡ್ಡಿ ಅದರ ಕಾಲುಭಾಗ, ಹೆಚ್ಚುಕಮ್ಮಿ 49 ಸೆಂಟಿಮೀಟರು. ಅದು ಅರ್ಧ ಆಂಟೆನಾ ಅಷ್ಟೇ. ಉಳಿದರ್ಧ ಕಾರಿನ ತಗಡು. ಅಂಗಡಿಯವನು ಇದನ್ನು ಹೇಳುವುದಿಲ್ಲ, ಅವನು ಮಾರುವುದು ಕಾರನ್ನಲ್ಲವಲ್ಲ. ಅಯಸ್ಕಾಂತದ ಬುಡ ಬಣ್ಣದ ಪದರದಾಚೆಗಿನ ತಗಡಿನ ಜೊತೆ ಸೇರಿ ಕೆಪಾಸಿಟರ್ ಆಗಿ ಆ ಉಳಿದರ್ಧವನ್ನು ಜೋಡಿಸುತ್ತದೆ. ತಗಡಿಲ್ಲದಿದ್ದರೆ ಆ ಚಾಕರಿಯೆಲ್ಲ ಕೇಬಲ್ಲಿನ ಹೊರಮೈಗೆ ಬೀಳುತ್ತದೆ. ಆಂಟೆನಾ ಎಷ್ಟು ಹೊಂದಿಕೊಂಡಿದೆ ಎಂದು ಹೇಳುವ ಮೀಟರು ಎಸ್‌ಡಬ್ಲ್ಯೂಆರ್ ಮೂರು ತೋರಿಸಿತೆಂದರೆ ಕಳಿಸಿದ ಶಕ್ತಿಯಲ್ಲಿ ಕಾಲುಪಾಲು ವಾಪಸು ಬಂತು ಎಂದರ್ಥ. ಮಾರ್ಕೋನಿ 1895ರಲ್ಲೇ ಒಂದು ತುದಿಯನ್ನು ಮೇಲಕ್ಕೆತ್ತಿ, ಇನ್ನೊಂದನ್ನು ನೆಲಕ್ಕೆ ಕೊಟ್ಟು ಗೆದ್ದಿದ್ದ. ಅವನಿಗೂ ಕಾರಿರಲಿಲ್ಲ.

ಹಾಗಾಗಿ ಮನೆಯಲ್ಲಿ ಕಾರಿನಂಥದ್ದನ್ನು ಹುಡುಕಬೇಕು. ಸುತ್ತ ಅರ್ಧ ಮೀಟರಿನಷ್ಟು ಲೋಹ ಹರಡಿರಬೇಕು. ಕಿಟಕಿಯ ಅಲ್ಯೂಮಿನಿಯಂಗೆ ಅಯಸ್ಕಾಂತ ಹಿಡಿಯದು. ಒಳ್ಳೆಯ ಸ್ಟೀಲ್ ಪರಾತಕ್ಕೂ ಹಿಡಿಯದು. ನಮ್ಮ ಮನೆಯ ಒಂದಕ್ಕೆ ಗಟ್ಟಿಯಾಗಿ ಹಿಡಿದು, ಅದನ್ನು ಮಾರಿದವನಿಗೆ ನನ್ನ ಹೆಂಡತಿಯಿಂದ ಸಹಸ್ರನಾಮವಾಯಿತು. ದೋಸೆ ಕಾವಲಿ ಚಿಕ್ಕದು. ಬೀರು ಪರವಾಗಿಲ್ಲ, ಆದರೆ ಅಲೆ ಮೊದಲು ಗೋಡೆಯನ್ನೂ ನಮ್ಮ ತಲೆಯನ್ನೂ ಮಾತಾಡಿಸಿಕೊಂಡು ಹೋಗಬೇಕು. ಕಡೆಗೆ ಒದಗಿದ್ದು ಕೊಟ್ಟಿಗೆಯ ತಗಡಿನ ಚಾವಣಿ. ಅಯಸ್ಕಾಂತ ಟಪ್ಪೆಂದು ಕಚ್ಚಿತು, ಮೀಟರಿನ ಮುಳ್ಳು ತಣ್ಣಗಾಯಿತು. ಕೇಬಲ್ಲನ್ನು ಮನೆಯೊಳಕ್ಕೆ ಎಳೆಯೋಣವೆಂದರೆ ತೆಳು ಕೇಬಲ್ಲು ದುಂದುಗಾರ. 15 ಮೀಟರು ಹೋಗುವಷ್ಟರಲ್ಲಿ ಅರ್ಧ ಶಕ್ತಿ ತಿಂದಿರುತ್ತದೆ. ಹೀಗಾಗಿ ರೇಡಿಯೊವೇ ಕೊಟ್ಟಿಗೆಗೆ ಹೋಯಿತು, ಹಿಂದೆಯೇ ನಾನೂ.

‘ಅಣ್ಣಾ, ನಿಮ್ಮ ದನಿ ಪರವಾಗಿಲ್ಲ, ಎಮ್ಮೇದು ಮಾತ್ರ ಫಸ್ಟ್ ಕ್ಲಾಸ್’ ಎಂದಿತು ಹರಿಹರ.

ಕಾರಿನ ಕಡ್ಡಿಯನ್ನು ಮನೆಗೆ ಬಳಸುವುದು ಕೀಳೆಂದು ಮೂಗುಮುರಿಯುವ ಹ್ಯಾಮ್‌ಗಳಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕಾರಿನ ಮೇಲೆ ಒಂದೂವರೆ ಮೀಟರಿನಲ್ಲಿದ್ದಾಗ ಅದರ ಅಲೆಗೆ ದಿಗಂತ ಐದು ಕಿಲೋಮೀಟರು; ಹತ್ತು ಮೀಟರಿಗೇರಿಸಿದರೆ ಹದಿಮೂರು. ನಮ್ಮ ಬಯಲುಸೀಮೆಯಲ್ಲಿ ಕಡ್ಡಿಯ ಬೆಲೆಗಿಂತ ಎತ್ತರದ ಬೆಲೆ ಹೆಚ್ಚು. ಆದರೆ ಆಷಾಢದ ಗಾಳಿಗೆ ಅಯಸ್ಕಾಂತವನ್ನು ನಂಬಬಾರದು, ಗುಡುಗಿದರೆ ಕಿತ್ತಿಡಬೇಕು. ನೆಲೆಯಾಗಿ ನಿಲ್ಲಿಸುವುದಾದರೆ ಬುಡಕ್ಕೆ ಬೋಲ್ಟು ಹಾಕಿ, ಅಷ್ಟೇ ಉದ್ದದ ನಾಲ್ಕು ಸರಳುಗಳನ್ನು 45 ಡಿಗ್ರಿ ಕೆಳಕ್ಕೆ ಬಾಗಿಸಿ ಕಟ್ಟಬೇಕು. ಆಗ ತಗಡಿನ ಮೇಲೆ 36 ಓಮ್ ಇದ್ದ ಆಂಟೆನಾದ ಇಂಪಿಡೆನ್ಸ್ ಕೇಬಲ್ಲು ಬಯಸುವ 50ರ ಹತ್ತಿರ ಬರುತ್ತದೆ. ಇಡೀ ಕಾರು ನಾಲ್ಕು ಸರಳಿಗೆ ಇಳಿಯಿತು.

ಸರಳು ಕಟ್ಟುವುದನ್ನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ಪಕ್ಕದ ಮನೆ ಅಜ್ಜನಿಗೆ ಇಷ್ಟನ್ನೂ ವಿವರಿಸಿದೆ. ಗಮನವಿಟ್ಟು ಕೇಳಿದರು.

‘ನಾಕು ಸರಳು ಸಾಕು ಅಂದ್ರೆ ಆ ಕಾರ್ ಯಾಕಪ್ಪಾ ಸುಮ್ನೆ? ಕೊಡಂಗಿದ್ರೆ ಹೇಳು, ನಮ್ಮ ಅಳಿಯ ಒಂದು ನೋಡ್ತಿದಾನೆ.’